ಸೀಟಿಯಮ್ಮನ ಕೆಂಪು ಚಕ್ರ

ಸೀಟಿಯಮ್ಮ ಕಂಡಕ್ಟರ್ ಕೆಲಸದಿಂದ ನಿವೃತ್ತಳಾದ ದಿನ ಡಿಪೋದವರು ಅವಳಿಗೆ ಒಂದು ಹೂಗುಚ್ಛ ಕೊಟ್ಟು ಸೀಟಿಯನ್ನು ವಾಪಸು ಕೇಳಿದರು. ‘ಕಳೆದುಹೋಯ್ತು’ ಎಂದು ಅವಳು ಕಣ್ಣು ಮಿಟುಕಿಸದೆ ಹೇಳಿದಳು. ಹೇಳುವಾಗ ಸೀಟಿ ಅವಳ ಕೊರಳಲ್ಲೇ ದಾರಕ್ಕೆ ಜೋತುಬಿದ್ದಿತ್ತು. ನೋಡಿದವರೆಲ್ಲ ನೋಡಲಿಲ್ಲ ಎಂಬಂತೆ ಸುಮ್ಮನಾದರು. ಅವಳೊಂದಿಗೆ ವಾದಕ್ಕಿಳಿದು ಗೆದ್ದವರು ಆ ಡಿಪೋದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆ ಸೀಟಿಯ ಶಕ್ತಿ ಸಾಮಾನ್ಯವಲ್ಲ. ಅವಳು ಒಮ್ಮೆ ಊದಿದರೆ ಅವಳ ಬಸ್ಸು ನಿಲ್ಲುವುದಿರಲಿ, ಪಕ್ಕದ ರಸ್ತೆಯ ಬಸ್ಸೂ ನಿಲ್ಲುತ್ತಿತ್ತು, ಸೈಕಲ್ಲಿನವರು ಇಳಿಯುತ್ತಿದ್ದರು, ಜಗಳವಾಡುತ್ತಿದ್ದ ನಾಯಿಗಳು ನಾಲಿಗೆ ಒಳಗೆಳೆದುಕೊಂಡು ಕೂರುತ್ತಿದ್ದವು. ಎರಡು ಸಲ ಊದಿದರೆ ಎಲ್ಲವೂ ಮತ್ತೆ ಹೊರಡುತ್ತಿದ್ದವು. ಕೆಟ್ಟು ನಿಂತ ಲಾರಿಯೊಂದು ಅವಳ ಎರಡು ಸೀಟಿಗೆ ತಾನಾಗಿ ಹೊರಟುಹೋಯಿತೆಂದು ಹೇಳುವವರಿದ್ದಾರೆ. ಲಾರಿಯಲ್ಲಿ ಡ್ರೈವರ್ ಇರಲಿಲ್ಲವೆಂದು ಸೇರಿಸುವವರೂ ಇದ್ದಾರೆ.

ಸೀಟಿಗಿಂತ ಗಟ್ಟಿಯಾದದ್ದು ಅವಳ ನೆನಪು. ಎಂದೋ ಒಮ್ಮೆ ಕಿಟಕಿಯಿಂದ ಉಗುಳಿ, ಬೈದದ್ದಕ್ಕೆ ಎದುರು ಮಾತಾಡಿ ಇಳಿದುಹೋಗಿದ್ದವನೊಬ್ಬನನ್ನು ಅವಳು ಹತ್ತು ವರ್ಷದ ಮೇಲೆ ಆಸ್ಪತ್ರೆಯ ಸಾಲಿನಲ್ಲಿ ಬರೀ ಬೆನ್ನಿನಿಂದ ಗುರುತು ಹಿಡಿದು, ‘ಉಗುಳ್ತೀಯಾ ಇನ್ನೊಂದು ಸಲ?’ ಎಂದು ಕೇಳಿದ್ದಳು. ಅವನು ಬಂದಿದ್ದದ್ದು ಹಲ್ಲು ಕೀಳಿಸಲು. ಕೀಳಿಸದೆಯೇ ಓಡಿದ. ಮರೆವೆಂಬುದನ್ನು ದೇವರು ಎಲ್ಲರಿಗೂ ಹಂಚುವಾಗ ಅವಳು ಬಸ್ಸಿನಲ್ಲಿದ್ದಳೆಂದು ಕಾಣುತ್ತದೆ.

ಇಂಥವಳಿಗೆ ಒಬ್ಬ ತಮ್ಮ. ಅಪ್ಪ ತೀರಿಕೊಂಡ ಮೇಲೆ ಒಂದೇ ಜಾಗ ಎರಡಾಯಿತು. ಬೀದಿ ಕಡೆಯ ಮುಂದಿನ ಅರ್ಧ ತಮ್ಮನಿಗೆ, ಗೋದಾಮಿನ ಗೋಡೆಗೆ ತಾಗಿದ ಹಿಂದಿನ ಅರ್ಧ ಅಕ್ಕನಿಗೆ. ನಡುವೆ ಎದೆಮಟ್ಟದ ಒಂದು ಗೋಡೆ, ಪಕ್ಕದಲ್ಲಿ ಅಕ್ಕ ಓಡಾಡಲು ಒಬ್ಬರು ಅಡ್ಡಡ್ಡ ನಡೆಯಬಹುದಾದ ಓಣಿ. ತಮ್ಮನನ್ನು ಬೀದಿಯವರು ಅಧ್ಯಕ್ಷ ಎನ್ನುತ್ತಿದ್ದರು. ಬೀದಿಯ ನಿವಾಸಿಗಳ ಸಂಘಕ್ಕೆ ಅವನೇ ಅಧ್ಯಕ್ಷ. ಬೇರೆ ಯಾರೂ ನಿಲ್ಲದ ಕಾರಣ ಅವಿರೋಧವಾಗಿ ಆರಿಸಿ ಬಂದವನು, ಬಂದಂದಿನಿಂದ ಹಲ್ಲುಜ್ಜುವಾಗಲೂ ಭಾಷಣದ ಭಂಗಿಯಲ್ಲೇ ನಿಲ್ಲುತ್ತಿದ್ದ.

ಆ ಜಾಗದ ಮಣ್ಣು ಅಚ್ಚ ಜೇಡಿ. ಬೇಸಿಗೆಯಲ್ಲಿ ಕಬ್ಬಿಣ, ಮಳೆಗಾಲದಲ್ಲಿ ಬೆಣ್ಣೆ. ಒಂದು ಲೋಟ ನೀರು ಚೆಲ್ಲಿದರೆ ಅದು ಇಂಗುವ ಹೊತ್ತಿಗೆ ಚೆಲ್ಲಿದವನ ಮಗನಿಗೆ ಮೀಸೆ ಬಂದಿರುತ್ತಿತ್ತು. ಮಳೆ ನಿಂತ ಮೇಲೆ ಹಿತ್ತಲಿಗಿಳಿದ ಕೋಳಿಯೊಂದು ಆನೆಯ ಕಾಲು ಹೊತ್ತುಕೊಂಡು ವಾಪಸು ಬಂದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಇದನ್ನು ಬಲ್ಲ ಅಪ್ಪ ತನ್ನ ಕಾಲದಲ್ಲೇ ಹಿತ್ತಲ ಮೂಲೆಯಿಂದ ಬೀದಿಯ ಚರಂಡಿಯವರೆಗೆ ಒಂದು ಕಲ್ಲುಮೋರಿ ಕಟ್ಟಿ, ಮೇಲೆ ಚಪ್ಪಡಿ ಹಾಸಿದ್ದ. ಮಳೆ ಬಂದಾಗ ಪುಟ್ಟ ಸೀಟಿಯಮ್ಮ ಹಿತ್ತಲ ಬಾಯಲ್ಲಿ ಕಾಗದದ ದೋಣಿ ಬಿಡುವುದು, ತಮ್ಮ ಬೀದಿಯ ತುದಿಗೆ ಓಡಿಹೋಗಿ ಅದನ್ನು ಹಿಡಿಯುವುದು, ‘ಬಂತೇ ಅಕ್ಕಾ!’ ಎಂದು ಕೂಗುವುದು, ಇದು ಅವರ ಆಟವಾಗಿತ್ತು.

ದೋಣಿ ಹಿಡಿದವನೇ ದೊಡ್ಡವನಾಗಿ ಮೋರಿ ಮುಚ್ಚಿದ.

ಆದದ್ದಿಷ್ಟು. ಅಧ್ಯಕ್ಷ ಯಾವುದೋ ಹೋಟೆಲಿನ ಮುಂದೆ ಪ್ಲಾಸ್ಟಿಕ್ ಹುಲ್ಲು ಹಾಸಿದ್ದನ್ನು ಕಂಡು ಮರುಳಾದ. ತನ್ನ ಅಂಗಳಕ್ಕೂ ಅದೇ ಬೇಕೆಂದು ಲಾರಿಗಟ್ಟಲೆ ಮಣ್ಣು ಸುರಿಸಿ ಅಂಗಳವನ್ನು ಒಂದು ಅಡಿ ಏರಿಸಿದ. ಕಲ್ಲುಮೋರಿ ಮಣ್ಣಿನಡಿ ಹೂತುಹೋಯಿತು. ಬೀದಿಯಲ್ಲಿದ್ದ ಅದರ ಬಾಯಿಗೆ ಅಡ್ಡವಾಗಿ ಗೇಟಿನ ಸಿಮೆಂಟು ಮೆಟ್ಟಿಲು ಬಂತು. ಮಣ್ಣಿನ ಮೇಲೆ ಕಳೆ ಏಳದಂತೆ ಗಟ್ಟಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗಿಳಿಗೂ ನಾಚಿಕೆಯಾಗುವಷ್ಟು ಹಸಿರು ಹುಲ್ಲು, ಅಂಚಿಗೆಲ್ಲ ಅಂಟು. ಬೀದಿ ಕಡೆ ಒದ್ದೆಯಾಗಬಾರದೆಂದು ಇಡೀ ಅಂಗಳಕ್ಕೆ ಹಿಂದಕ್ಕೆ ಇಳಿಜಾರಾಗಿ ವಾಟ ಕೊಟ್ಟು, ಅಕ್ಕನ ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆಸಿದ. ಮಳೆ ಬಂದದ್ದೇ ತಡ, ಎರಡೂ ಮನೆಯ ನೀರು ಸೀಟಿಯಮ್ಮನ ಹಿತ್ತಲಿನಲ್ಲಿ ಸಂಸಾರ ಹೂಡಿತು.

‘ಏನೋ ಇದು?’ ಎಂದು ಅವಳು ಕೇಳಿದಾಗ, ‘ನೀರು ದೇವರದು ಅಕ್ಕ, ಅದು ತಗ್ಗಿಗೆ ಹೋಗುತ್ತೆ. ನಾನೇನು ಮಾಡ್ಲಿ?’ ಎಂದ.

ಅಲ್ಲಿಗೆ ಮುಗಿದಿದ್ದರೆ ಬೈದುಕೊಂಡೇ ಬದುಕುತ್ತಿದ್ದಳೇನೋ. ಆದರೆ ಅವಳ ಗಂಡ, ಗಡಿಯಾರ ರಿಪೇರಿಯವರು, ಒಂದು ಸಂಜೆ ತಂತಿಯ ಮೇಲಿನ ಬಟ್ಟೆ ತರಲು ಹಿತ್ತಲಿಗಿಳಿದರು. ಬಟ್ಟೆ ತಂತಿಯ ಮೇಲೇ ಉಳಿಯಿತು. ಅವರು ಕೆಸರಿನಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಜೀವಮಾನವಿಡೀ ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಕೈ ನಡುಗದೆ ಕೂರಿಸಿದ ಮನುಷ್ಯ ಜೇಡಿಯಲ್ಲಿ ಅಂಗಾತ ಬಿದ್ದು, ‘ಏನೂ ಆಗಿಲ್ಲ, ಏನೂ ಆಗಿಲ್ಲ’ ಎನ್ನುತ್ತಿದ್ದಾಗ, ಗೋಡೆಯಾಚೆಯಿಂದ ಅಧ್ಯಕ್ಷ ಟೀ ಲೋಟದ ಸಮೇತ ಇಣುಕಿ ಹೇಳಿದ:

‘ನೋಡ್ಕೊಂಡು ನಡೀಬೇಕಲ್ವಾ ಭಾವ?’

ಆ ಮೂರು ಪದವನ್ನು ಸೀಟಿಯಮ್ಮ ಸೀಟಿಯ ಜೊತೆಗೇ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಮೂಳೆ ಕೂಡಿತು. ಡಾಕ್ಟರು ಕೈಗೆ ವಾಕರ್ ಕೊಟ್ಟು, ‘ದಿನಾ ಬೆಳಿಗ್ಗೆ ಸಂಜೆ ನಡೀಬೇಕು. ನಡೀದಿದ್ರೆ ಕಾಲು ಹಿಡ್ಕೊಂಡು ಬಿಡುತ್ತೆ, ಆಮೇಲೆ ಹಾಸಿಗೇನೇ ಗತಿ’ ಎಂದರು. ಎಲ್ಲಿ ನಡೆಯುವುದು? ಮನೆಯೊಳಗೆ ಮಂಚಕ್ಕೂ ರಿಪೇರಿ ಮೇಜಿಗೂ ನಡುವೆ ಬಸ್ಸಿನ ನಡುದಾರಿಯಷ್ಟೂ ಜಾಗವಿಲ್ಲ. ಓಣಿಯಲ್ಲಿ ವಾಕರ್ ಸಿಕ್ಕಿಕೊಳ್ಳುತ್ತದೆ. ಉಳಿದದ್ದು ಹಿತ್ತಲು. ಹಿತ್ತಲಿನಲ್ಲಿ ವಾಕರಿನ ನಾಲ್ಕೂ ಕಾಲು ಜೇಡಿಯಲ್ಲಿ ಇಳಿದವು. ಇಬ್ಬರು ಸೇರಿ ಎಳೆದು ತೆಗೆಯುವಷ್ಟರಲ್ಲಿ ಕತ್ತಲಾಯಿತು. ಮಂಚದ ಮೇಲೆ ಕೂತು ಗಂಡ ಗೋಡೆಯ ಗಡಿಯಾರಗಳನ್ನು ನೋಡತೊಡಗಿದರು. ಅವೆಲ್ಲ ನಡೆಯುತ್ತಿದ್ದವು.

ಸೀಟಿಯಮ್ಮ ಮೇಸ್ತ್ರಿಯನ್ನು ಕರೆಸಿದಳು. ಆತನಿಗೆ ಆಗುತ್ತೆ ಮೇಸ್ತ್ರಿ ಎಂದೇ ಹೆಸರು. ಚಂದ್ರನಿಗೆ ಸುಣ್ಣ ಹೊಡೆಯಬೇಕೆಂದರೂ ‘ಆಗುತ್ತಮ್ಮ’ ಎಂದು ಏಣಿ ತರಲು ಹೋಗುವ ಮನುಷ್ಯ.

‘ಹಿತ್ತಲಿಗೆಲ್ಲ ಪ್ಲಾಸ್ಟಿಕ್ ಹುಲ್ಲು ಹಾಕ್ಬೇಕು. ಕೆಳಗೆ ಜಲ್ಲಿ. ಕಾಲಿಗೆ ಗಟ್ಟಿಯಾಗಿ ಸಿಗ್ಬೇಕು.’

‘ಆಗುತ್ತಮ್ಮ.’

‘ನನ್ನ ತಮ್ಮನ ಅಂಗಳಕ್ಕಿಂತ ಎತ್ತರ ಬರ್ಬೇಕು.’

‘ಆಗುತ್ತಮ್ಮ. ಎಷ್ಟು ಎತ್ತರ?’

‘ನಮ್ಮನ್ನ ನೋಡ್ಬೇಕಾದ್ರೆ ಅವನು ಕತ್ತು ಎತ್ತಬೇಕು. ಅಷ್ಟು.’

‘ಆಗುತ್ತಮ್ಮ.’

ಆಯಿತು. ತಮ್ಮ ಒಂದು ಅಡಿ ಏರಿಸಿದ್ದರೆ ಅಕ್ಕ ಎರಡು ಅಡಿ ಏರಿಸಿದಳು. ಅಡುಗೆಮನೆ ಹೊಸ್ತಿಲಿಗೆ ಸರಿಸಮನಾಗಿ ಜಲ್ಲಿ ತುಂಬಿತು. ಗೋಡೆ ಬುಡದ ತೂತುಗಳಿಗೆಲ್ಲ ಸಿಮೆಂಟು ಬಿತ್ತು. ಮೇಲೆ ನವಿರಾದ ಪುಡಿಜಲ್ಲಿ ಹರಡಿ, ದಿಮ್ಮಿ ಹಾಕಿ ಬಡಿದು, ಹಸಿರು ಹುಲ್ಲು ಬಿಡಿಸಿದರು. ಗಂಡ ಹೊಸ್ತಿಲು ದಾಟಿ ವಾಕರ್ ಇಟ್ಟರು. ಅದು ಇಳಿಯಲಿಲ್ಲ. ಗೋಡೆಯವರೆಗೆ ಹೋಗಿ ತಿರುಗಿ ಬಂದು, ಹೊಸ ಕೀಲಿ ಕೊಟ್ಟ ಗಡಿಯಾರದಂತೆ ನಕ್ಕರು. ಸೀಟಿಯಮ್ಮನ ಕಣ್ಣು ಮಾತ್ರ ಗೋಡೆಯಾಚೆಗಿತ್ತು. ಅಲ್ಲಿ ಅಧ್ಯಕ್ಷ ಕತ್ತು ಎತ್ತಿ ನೋಡುತ್ತಿದ್ದ.

‘ಅಕ್ಕ, ತೂತು ಮುಚ್ಚಿಸಿದ್ಯಾ? ನನ್ನ ನೀರು ಎಲ್ಲಿಗೆ ಹೋಗ್ಬೇಕು?’

‘ದೇವರದು ಅಂದ್ಯಲ್ಲ. ದೇವರನ್ನೇ ಕೇಳು.’

ಆ ಸುಖ ಮೊದಲ ಮಳೆಯವರೆಗೆ ಬಾಳಿತು. ನಾಲ್ಕೂ ಕಡೆ ಗೋಡೆ, ಕೆಳಗೆ ತೊಟ್ಟೂ ಕುಡಿಯದ ಜೇಡಿ, ನಡುವೆ ಜಲ್ಲಿ. ಅದು ಹಿತ್ತಲಾಗಿ ಉಳಿಯಲಿಲ್ಲ, ತೊಟ್ಟಿಯಾಯಿತು. ನೀರು ಜಲ್ಲಿಯ ಸಂದಿಯಲ್ಲೆಲ್ಲ ತುಂಬಿ, ಮೇಲೇರಿ, ಹುಲ್ಲನ್ನು ಚಾಪೆಯಂತೆ ಎತ್ತಿತು. ಹುಲ್ಲು ತೇಲಿತು. ಅದರ ಮೇಲಿದ್ದ ಬೆತ್ತದ ಕುರ್ಚಿ ಹಿತ್ತಲಿಡೀ ಸವಾರಿ ಹೊರಟಿತು. ಕುರ್ಚಿಯಲ್ಲಿ ಮಲಗಿದ್ದ ಬೆಕ್ಕು ಎಚ್ಚರವಾಗುವಷ್ಟರಲ್ಲಿ ಮೂರು ಸುತ್ತು ಮುಗಿಸಿತ್ತು. ನೀರು ಹೊಸ್ತಿಲನ್ನು ನೆಕ್ಕಿ ಅಡುಗೆಮನೆಯೊಳಗೆ ಇಣುಕಿತು.

ಮಂಚದಿಂದ ಗಂಡ ಕೇಳಿದರು: ‘ಕಂಡಕ್ಟ್ರೇ, ಮುಂದಿನ ಸ್ಟಾಪ್ ಯಾವುದು?’

‘ಸುಮ್ನಿರ್ರೀ!’

ಗೋಡೆಯಾಚೆಯಿಂದ ಇನ್ನೊಂದು ದನಿ ಬಂತು: ‘ಅಕ್ಕಾ, ನಿನ್ನ ಹುಲ್ಲು ಈಜು ಕಲೀತಾ ಇದೆ! ಭಾವನಿಗೆ ವಾಕರ್ ಬೇಡ, ಹುಟ್ಟು ಕೊಡ್ಸು!’

ಮೇಸ್ತ್ರಿ ಬಂದು ತಲೆ ಕೆರೆದುಕೊಂಡ. ‘ನೀರಿಗೆ ದಾರಿ ನೀವು ಹೇಳ್ಲೇ ಇಲ್ವಲ್ಲಮ್ಮ. ಎತ್ತರ ಅಂದ್ರಿ, ಎತ್ತರ ಮಾಡ್ದೆ.’

ಅವನ ಮಾತು ಸುಳ್ಳಲ್ಲ. ಗಂಡನ ಕಾಲಿಗೆ ಗಟ್ಟಿ ನೆಲ, ತಮ್ಮನ ಕತ್ತಿಗೆ ನೋವು, ಎರಡಕ್ಕೂ ಅವಳು ಅಳತೆ ಕೊಟ್ಟಿದ್ದಳು. ನೀರು ಹೊರಗೆ ಹೋಗಬೇಕೆಂಬುದು ಸಿಟ್ಟಿನಲ್ಲಿ ನೆನಪಿಗೇ ಬಂದಿರಲಿಲ್ಲ. ಗಂಡ ಮತ್ತೆ ಮಂಚ ಹತ್ತಿದರು. ಕೆಲವೇ ದಿನಗಳಲ್ಲಿ ಮೊಣಕಾಲು ಮಡಚುವಾಗ ಬಾಗಿಲ ತಿರುಗಣಿಯಂತೆ ಕಿರ್ರೆನ್ನತೊಡಗಿತು. ಅವರು ನೋವೆಂದು ಹೇಳಲಿಲ್ಲ, ಆದರೆ ಟೀ ಲೋಟವನ್ನು ತಾವೇ ಎದ್ದು ಇಡುವುದನ್ನು ಬಿಟ್ಟರು.

ಅದನ್ನು ಕಂಡ ದಿನ ಸೀಟಿಯಮ್ಮ ತನ್ನ ಬಾಳಿನಲ್ಲೇ ಮಾಡದ ಕೆಲಸ ಮಾಡಿದಳು. ತಮ್ಮನ ಮನೆ ಬಾಗಿಲಿಗೆ ಹೋಗಿ ಮೆತ್ತಗೆ ಮಾತಾಡಿದಳು.

‘ಅಪ್ಪನ ಮೋರಿ ನಿನ್ನ ಹುಲ್ಲಿನಡಿ ಹಾಗೇ ಇದೆ ಕಣೋ. ನಿನ್ನ ಗೇಟಿನ ಮೆಟ್ಟಿಲು ಒಂದು ಚೂರು ಒಡೆದು ಬಾಯಿ ಬಿಡಿಸು. ನನ್ನ ನೀರೂ ಹೋಗುತ್ತೆ, ನಿಂದೂ ಹೋಗುತ್ತೆ.’

‘ಆ ಮೆಟ್ಟಿಲಿಗೆ ಗ್ರಾನೈಟ್ ಹಾಕ್ಸಿದೀನಿ ಅಕ್ಕ.’

‘ನಿನ್ನ ಭಾವ ನಡೀಬೇಕು ಕಣೋ.’

‘ಈ ಭಾನುವಾರ ಸಂಘದ ವಾರ್ಷಿಕ ಸಭೆ ನಮ್ಮ ಅಂಗಳದಲ್ಲೇ ಇದೆ. ಈಗ ಒಡಿ ಅಂದ್ರೆ ಹೇಗೆ? ಮೋರಿಗೀರಿ ಎಲ್ಲ ಮರ್ತುಬಿಡು. ಅದು ಮುಚ್ಚಿಹೋದ ವಿಷಯ.’

ಅವಳು ವಾಪಸು ಬಂದಳು. ಬರುವಾಗ ಅವಳ ಮುಖದಲ್ಲಿ ಒಂದು ನಗು ಇತ್ತು. ಓಣಿಯಲ್ಲಿ ಎದುರಾದ ಬೆಕ್ಕು ಆ ನಗು ಕಂಡು ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಮೇಸ್ತ್ರಿಗೆ ಮತ್ತೆ ಕರೆ ಹೋಯಿತು. ಹಿತ್ತಲ ಮೂಲೆಯಲ್ಲಿ ಹುಲ್ಲು ಮಡಚಿ, ಜಲ್ಲಿ ತೆಗೆದು, ಕೆಸರು ಬಗೆದರೆ ಅಪ್ಪನ ಮೋರಿಯ ಬಾಯಿ ಹಾಗೇ ಇತ್ತು. ಜಲ್ಲಿಯಡಿಗೆ ಉದ್ದಕ್ಕೂ ತೂತಿನ ಪೈಪು ಮಲಗಿಸಿ, ಅದರ ತುದಿಯನ್ನು ಮೋರಿಯ ಬಾಯಿಗೆ ಕೂಡಿಸಿದರು. ನಡುವೆ ಒಂದು ದೊಡ್ಡ ವಾಲ್ವ್. ಅದನ್ನು ಮೇಸ್ತ್ರಿ ಎಲ್ಲಿಂದಲೋ ತಂದಿದ್ದ. ಹಡಗಿನದು ಎಂದ. ಮೇಲೆ ತಿರುಗಿಸಲು ಕೆಂಪು ಬಣ್ಣದ ಚಕ್ರ, ಊಟದ ತಟ್ಟೆಯಷ್ಟು ಅಗಲ. ಅಡುಗೆಮನೆ ಹೊಸ್ತಿಲ ಪಕ್ಕದಲ್ಲೇ ಅದು ಎದ್ದು ನಿಂತಿತು. ಜೀವಮಾನವೆಲ್ಲ ಹಿಂದೆ ನಿಂತು ಸೀಟಿ ಊದಿದವಳ ಕೈಗೆ ಕೊನೆಗೂ ಸ್ಟೇರಿಂಗ್ ಸಿಕ್ಕಿತು.

‘ಆದ್ರೆ ಅಮ್ಮ,’ ಎಂದು ಮೇಸ್ತ್ರಿ ಮೊದಲ ಸಲ ಅನುಮಾನಿಸಿದ, ‘ಬೀದಿ ಕಡೆ ಬಾಯಿ ಮುಚ್ಚಿದೆ. ಬಿಟ್ಟ ನೀರು ಎಲ್ಲಿಗೆ ಹೋಗುತ್ತೆ?’

‘ಎಲ್ಲಿಗೆ ಹೋಗುತ್ತೆ ಹೇಳು ನೋಡೋಣ.’

ಮೇಸ್ತ್ರಿ ಗೋಡೆಯಾಚೆ ನೋಡಿದ. ಎರಡು ಅಡಿ ಕೆಳಗಿದ್ದ ಹಳೆಯ ನೆಲದ ಲೆಕ್ಕ, ಒಂದು ಅಡಿ ಎತ್ತರದ ಅಧ್ಯಕ್ಷರ ಹುಲ್ಲಿನ ಲೆಕ್ಕ, ಎಲ್ಲ ನಿಧಾನವಾಗಿ ಅವನ ತಲೆಗೆ ಇಳಿಯಿತು. ‘ಆಗುತ್ತಮ್ಮ’ ಎಂದು ಪಿಸುಗುಟ್ಟಿ, ಚೀಲ ಹೆಗಲಿಗೇರಿಸಿ, ಹಿಂದೆ ನೋಡದೆ ಹೋದ.

ಶನಿವಾರವಿಡೀ ಮಳೆ ಸುರಿಯಿತು. ಆಕಾಶದಲ್ಲಿ ಯಾರೋ ನಲ್ಲಿ ತಿರುಗಿಸಿ ಊರಿಗೆ ಹೋಗಿಬಿಟ್ಟಂತಿತ್ತು. ಸೀಟಿಯಮ್ಮನ ತೊಟ್ಟಿ ಕಂಠಮಟ್ಟ ತುಂಬಿತು. ನೀರು ಹೊಸ್ತಿಲಿಗೆ ಬಂದಾಗ ಅವಳು ಹಳೆಯ ಬಟ್ಟೆಯ ಒಡ್ಡು ಹಾಕಿ, ‘ಇರು ಮರಿ, ಇನ್ನೊಂದು ದಿನ’ ಎಂದು ಅದನ್ನು ಕಂದನಂತೆ ಸಮಾಧಾನ ಮಾಡಿದಳು.

ಭಾನುವಾರ ಬಿಸಿಲು. ಅಧ್ಯಕ್ಷ ತನ್ನ ಅಂಗಳದ ಹಿಂಬದಿಯಲ್ಲಿ ನಿಂತಿದ್ದ ನೀರನ್ನು ಹೂಕುಂಡಗಳ ಸಾಲಿನಿಂದ ಮರೆಮಾಡಿ, ಮುಂದೆ ಕುರ್ಚಿ ಹಾಕಿಸಿದ. ಬೀದಿಗೆ ಬೀದಿಯೇ ಬಂತು. ಮುಂದಿನ ಸಾಲಿನಲ್ಲಿ ಸಂಘದ ಖಜಾಂಚಿ ಕೂತಳು. ಸೂಜಿಯಂಥ ಹಿಮ್ಮಡಿಯ ಹೊಸ ಚಪ್ಪಲಿ ತೊಟ್ಟಿದ್ದ ದಪ್ಪ ಹೆಂಗಸು ಆಕೆ. ಅಧ್ಯಕ್ಷ ಮೈಕು ಹಿಡಿದ.

‘ಬಂಧುಗಳೇ, ಈ ಬೀದಿಯ ದೊಡ್ಡ ಶಾಪ ಯಾವುದು? ಜೇಡಿಮಣ್ಣು! ಅದನ್ನ ಗೆದ್ದವರು ಯಾರು?’

ಹಿಂದಿನ ಮನೆಯ ಹೊಸ್ತಿಲಲ್ಲಿ ಸೀಟಿಯಮ್ಮ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಕೆಂಪು ಚಕ್ರ ಹಿಡಿದಳು. ‘ರೈಟ್, ರೈಟ್’ ಎಂದು ತನಗೆ ತಾನೇ ಹೇಳಿಕೊಂಡು ಕೊನೆಯವರೆಗೂ ತಿರುಗಿಸಿದಳು.

ಮೊದಲು ನೆಲದಡಿ ಹೊಟ್ಟೆ ಗುಡುಗುಟ್ಟಿದ ಸದ್ದು. ಖಜಾಂಚಿ ನಾಚಿಕೆಯಿಂದ ಅತ್ತಿತ್ತ ನೋಡಿದಳು. ಆಮೇಲೆ ಹುಲ್ಲು ಉಸಿರಾಡಿತು. ಚಪ್ಪಡಿಗಳ ಸಂದಿಯಿಂದ ಎದ್ದ ನೀರಿಗೆ ಬೀದಿಯ ದಾರಿ ಇಲ್ಲ, ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತ ಅಂಟು. ಅದು ಹಾಳೆಯನ್ನೇ ಎತ್ತಿಕೊಂಡು ಎದ್ದಿತು. ಅಂಗಳದ ನಡುವೆ, ಮಲಗಿದ್ದ ಎಮ್ಮೆ ಮಗ್ಗುಲು ಬದಲಿಸಿದಂತೆ, ಒಂದು ಹಸಿರು ಗುಡ್ಡ ಹುಟ್ಟಿತು. ಮುಂದಿನ ಸಾಲಿನವರು ಹಿಂದಿನ ಸಾಲಿಗೆ, ಹಿಂದಿನವರು ಅಂಗಳದ ಅಂಚಿಗೆ ಕುರ್ಚಿ ಸಮೇತ ಜಾರಿದರು. ಭಾಷಣದ ಕಾಗದ ಹಿಡಿದ ಅಧ್ಯಕ್ಷ ಮೆಲ್ಲಮೆಲ್ಲಗೆ ಮೇಲೇರಿ, ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರ ಜೊತೆ ಕುಶಲ ಮಾತಾಡುವಷ್ಟು ಎತ್ತರ ಹೋದ ಎಂಬುದು ಬೀದಿಯ ಈಗಿನ ಲೆಕ್ಕ. ಮುಂದಿನ ವರ್ಷ ಇನ್ನೂ ಎರಡು ಮಹಡಿ ಹೆಚ್ಚಾಗಬಹುದು.

ಗಾಬರಿಗೊಂಡ ಖಜಾಂಚಿ ಎದ್ದು ಗುಡ್ಡದ ಮೇಲೆ ಕಾಲಿಟ್ಟಳು. ಸೂಜಿ ಹಿಮ್ಮಡಿ ಹುಲ್ಲು, ಹಾಳೆ ಎರಡನ್ನೂ ತೂರಿತು. ಆ ತೂತಿನಿಂದ ಎದ್ದ ಕೆಸರುಕಾರಂಜಿ ಖಜಾಂಚಿಯನ್ನು ಬಿಟ್ಟು, ವಿಳಾಸ ಗೊತ್ತಿದ್ದಂತೆ, ನೇರವಾಗಿ ಅಧ್ಯಕ್ಷನ ಮುಖಕ್ಕೆ ಹೋಯಿತು.

ಮೈಕು ಇನ್ನೂ ಕೈಯಲ್ಲೇ ಇತ್ತು. ಹಾಗಾಗಿ ಮುಂದಿನದನ್ನು ಇಡೀ ಬೀದಿ ಕೇಳಿಸಿಕೊಂಡಿತು.

‘ಅಕ್ಕಾ! ಏನು ಮಾಡ್ದೆ ಅಕ್ಕಾ?’

ಗೋಡೆಯ ಮೇಲೆ ಸೀಟಿಯಮ್ಮನ ಮುಖ ಮೂಡಿತು. ‘ಯಾಕೋ? ನೀರು ತಗ್ಗಿಗೆ ಹೋಗ್ತಿದೆ.’

‘ನಿಲ್ಸೇ! ಎಲ್ರೂ ಬೀಳ್ತಾ ಇದಾರೆ!’

‘ನೋಡ್ಕೊಂಡು ನಡೀಬೇಕಲ್ವಾ?’

ಅಧ್ಯಕ್ಷನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಆ ಮಾತು ಎಲ್ಲಿಂದ ಹೊರಟು ಎಲ್ಲಿಗೆ ಬಂದು ತಲುಪಿತೆಂದು ಅವನಿಗೆ ಗೊತ್ತಾಯಿತು. ಬಾಯೊಳಗೆ ಸ್ವಲ್ಪ ಕೆಸರೂ ಹೋಯಿತು.

‘ತಪ್ಪಾಯ್ತು ಅಕ್ಕ.’

‘ನಂಗಲ್ಲ.’

ಅವಳು ಪಕ್ಕಕ್ಕೆ ಸರಿದಳು. ಹಿಂದೆ ಅಡುಗೆಮನೆ ಬಾಗಿಲಲ್ಲಿ ವಾಕರಿಗೆ ಒರಗಿ ಗಡಿಯಾರದವರು ನಿಂತಿದ್ದರು. ಅಧ್ಯಕ್ಷ ಮೈಕಿನಲ್ಲೇ, ಬೀದಿಯವರೆಲ್ಲರ ಮುಂದೆ, ‘ಭಾವ, ತಪ್ಪಾಯ್ತು’ ಎಂದ. ಗಡಿಯಾರದವರು ನಾಚಿ ನೆಲ ನೋಡಿದರು. ಸೀಟಿಯಮ್ಮ ನಾಚಲಿಲ್ಲ.

‘ಬಾಯಿಮಾತು ಬಸ್ಸಿಗೆ ಟಿಕೆಟ್ ಆಗಲ್ಲ ಕಣೋ. ಈಗ್ಲೇ ಹಾರೆ ತಗೊಂಡು ನಿನ್ನ ಮೆಟ್ಟಿಲು ನೀನೇ ಒಡಿ. ನಾಳೆಯಿಂದ ಬೆಳಿಗ್ಗೆ ಸಂಜೆ ಬಂದು ನಿನ್ನ ಭಾವನ ಹಿಂದೆ ನಡಿ. ಅವರು ವಾಕರ್ ಬಿಡೋವರೆಗೂ ನಿಂದೇ ಡ್ಯೂಟಿ. ಆಗುತ್ತಾ?’

ಬೀದಿಯವರೆಲ್ಲ ಒಂದೇ ದನಿಯಲ್ಲಿ, ‘ಆಗುತ್ತೆ’ ಎಂದರು. ಕೆಸರು ತೊಟ್ಟಿಕ್ಕುತ್ತಿದ್ದ ಅಧ್ಯಕ್ಷನಿಗೆ ಒಪ್ಪದೆ ಬೇರೆ ದಾರಿ ಇರಲಿಲ್ಲ. ಅವನೂ ಅವನ ನೀರೂ ಅಂದು ಒಂದೇ ಸ್ಥಿತಿಯಲ್ಲಿದ್ದರು.

ಹಾರೆ ಬಂತು. ಗ್ರಾನೈಟು ಒಡೆಯಿತು, ಸಿಮೆಂಟು ಒಡೆಯಿತು, ಒಳಗಿನಿಂದ ಅಪ್ಪನ ಮೋರಿ ಬಾಯಿ ಬಿಟ್ಟು ಎರಡೂ ಮನೆಯ ನೀರನ್ನು ಬೀದಿಯ ಚರಂಡಿಗೆ ಕಕ್ಕಿತು. ಹಸಿರು ಗುಡ್ಡ ನಿಟ್ಟುಸಿರಿಟ್ಟು ಕುಸಿಯಿತು. ಅಧ್ಯಕ್ಷ ಹಾರೆ ಹಿಡಿದೇ ಮೋರಿಯ ಬಾಯಿಗೆ ಬಗ್ಗಿ ನೋಡಿದ. ಬಾಯಿತಪ್ಪಿ ‘ಬಂತೇ ಅಕ್ಕಾ’ ಎಂದನೆಂದು ಪಕ್ಕದಲ್ಲಿದ್ದವರು ಹೇಳುತ್ತಾರೆ. ಗೋಡೆಯಾಚೆ ಇದ್ದವಳಿಗೆ ಅದು ಕೇಳಿಸಿತ್ತು. ಕೇಳಿಸಲಿಲ್ಲ ಎಂಬಂತೆ ಒಳಗೆ ಹೋಗಿ ಒಲೆ ಹಚ್ಚಿದಳು. ಅಷ್ಟು ಸುಲಭಕ್ಕೆ ಕರಗಲು ಅವಳೇನು ಸಕ್ಕರೆಯೇ?

ಈಗ ಸೀಟಿಯಮ್ಮನ ಹಿತ್ತಲಿನಲ್ಲಿ ಮಳೆ ಬಂದು ನಿಂತ ಅರ್ಧ ಗಂಟೆಗೆ ಹುಲ್ಲು ಒಣಗಿರುತ್ತದೆ. ಗಡಿಯಾರದವರು ಗೋಡೆಯಿಂದ ಗೋಡೆಗೆ ನಡೆಯುತ್ತಾರೆ, ಹಿಂದೆ ಅವರ ಸೊಂಟದ ಬಳಿ ಕೈ ಚಾಚಿಕೊಂಡು ಅಧ್ಯಕ್ಷ. ಹೊಸ್ತಿಲಲ್ಲಿ ಕೂತ ಸೀಟಿಯಮ್ಮ ಒಂದು ಸಲ ಊದಿದರೆ ಇಬ್ಬರೂ ನಿಲ್ಲಬೇಕು. ಎರಡು ಸಲ ಊದಿದರೆ ಹೊರಡಬೇಕು. ಊದುವಾಗ ಅವಳಿಗಾಗುವ ಸುಖದಲ್ಲಿ ಅರ್ಧ ಗಂಡ ನಡೆಯುತ್ತಿದ್ದಾರೆಂಬುದಕ್ಕೆ, ಉಳಿದರ್ಧ ತಮ್ಮ ನಿಲ್ಲುತ್ತಿದ್ದಾನೆಂಬುದಕ್ಕೆ.

ಈ ಸುಖಕ್ಕೂ ಒಂದು ತೂತು ಬಿತ್ತು. ಶಿಕ್ಷೆಯೆಂದು ಕೊಟ್ಟದ್ದನ್ನು ಆ ಇಬ್ಬರೂ ಸೇರಿ ಮೋಜು ಮಾಡಿಕೊಂಡರು. ದೂರದ ಗೋಡೆ ಮುಟ್ಟಿ ತಿರುಗುವಲ್ಲಿ ಭಾವನೂ ಭಾವಮೈದುನನೂ ಏನೋ ಗುಸುಗುಸು ಮಾತಾಡಿಕೊಂಡು ಕಿಸಕ್ಕೆಂದು ನಗತೊಡಗಿದರು. ಗಂಡನ ಕಾಲು ದಿನದಿಂದ ದಿನಕ್ಕೆ ಸಡಿಲವಾಗುತ್ತಿದ್ದರೂ ವಾಕರ್ ಬಿಡುವ ಮಾತೇ ಎತ್ತುತ್ತಿಲ್ಲ. ಒಮ್ಮೆ ಅವಳು ಅಡುಗೆಮನೆಯಿಂದ ಸದ್ದಿಲ್ಲದೆ ಬಂದು ನೋಡಿದರೆ ವಾಕರನ್ನು ಅಧ್ಯಕ್ಷ ಹಿಡಿದು ಕುಂಟುತ್ತಿದ್ದ, ಗಂಡ ಬರಿಗೈಯಲ್ಲಿ ನೆಟ್ಟಗೆ ನಿಂತು ಅವನಿಗೆ ನಡೆಯುವುದು ಹೇಗೆಂದು ಹೇಳಿಕೊಡುತ್ತಿದ್ದರು.

‘ರೀ! ಎಷ್ಟು ದಿನದಿಂದ ಇದು?’

‘ಇವತ್ತೇ ಕಣೇ,’ ಎಂದರು ಗಡಿಯಾರದವರು. ಅವರು ಸುಳ್ಳು ಹೇಳಿದಾಗ ಕಿವಿ ಕೆಂಪಾಗುತ್ತದೆ. ಎರಡೂ ಕಿವಿ ಕೆಂಪಾಗಿದ್ದವು. ‘ಡ್ಯೂಟಿ ಮುಗೀತು ಅಂದ್ರೆ ಇವನು ಬರೋದು ನಿಲ್ಸಿಬಿಡ್ತಾನಲ್ಲ ಅಂತ...’

‘ಭಾವ ಇನ್ನೂ ಪೂರ್ತಿ ಗುಣ ಆಗಿಲ್ಲ ಅಕ್ಕ,’ ಎಂದ ಅಧ್ಯಕ್ಷ ಗಂಭೀರವಾಗಿ. ‘ಇನ್ನೊಂದು ಮಳೆಗಾಲ ಬೇಕು.’

ಸೀಟಿಯಮ್ಮ ಇಬ್ಬರನ್ನೂ ನೋಡಿದಳು. ಗಂಡ ವಾಕರಿಲ್ಲದೆ ನಿಂತಿದ್ದರು, ಅದು ಒಂದು. ತಮ್ಮ ನಗುತ್ತಿದ್ದ, ಅದು ಇನ್ನೊಂದು. ಮೊದಲನೆಯದಕ್ಕೆ ಅವಳ ಕಣ್ಣು ತುಂಬಿತು. ಎರಡನೆಯದಕ್ಕೆ ಕೈ ತಾನಾಗಿ ಕೆಂಪು ಚಕ್ರದ ಮೇಲೆ ಹೋಯಿತು. ಆ ಚಕ್ರವನ್ನು ಅರ್ಧ ತಿರುಗಿಸಿದರೆ ನೀರು ತಣ್ಣಗೆ ಬೀದಿಗೆ ಹೋಗುತ್ತದೆ. ಪೂರ್ತಿ ತಿರುಗಿಸಿದರೆ ಹಳೆಯ ಮೋರಿಗೆ ಅಷ್ಟೂ ಹಿಡಿಯದೆ, ಸಂದಿಗಳಿಂದ ತಮ್ಮನ ಹುಲ್ಲಿನಡಿಗೆ ಏಳುತ್ತದೆ. ಇದು ಅವನಿಗೂ ಗೊತ್ತು.

ಗೋದಾಮಿನ ಗೋಡೆಯ ಮೇಲೆ ಒಂದು ಕರಿಮೋಡ ತಲೆ ಎತ್ತಿತು. ಅಧ್ಯಕ್ಷ ಮೋಡ ನೋಡಿದ, ಅಕ್ಕನ ಕೈ ನೋಡಿದ, ನಗು ನುಂಗಿದ. ವಾಕರನ್ನು ಭಾವನ ಕೈಗೆ ಕೊಟ್ಟು, ಹಿಂದೆ ಸರಿದು, ಕೈ ಚಾಚಿ ನಿಂತ.

ಸೀಟಿಯಮ್ಮ ಎರಡು ಸಲ ಊದಿದಳು.